ದುರಸ್ತಿಯೋ, ಹೊಸತೋ: ಮನೆಯ ಲೆಕ್ಕದಲ್ಲಿ ಒಂದು ತಪ್ಪು ಸೂತ್ರ

ಹತ್ತು ವರ್ಷ ತಕರಾರಿಲ್ಲದೆ ನಡೆದ ಫ್ರಿಜ್ ಒಂದು ಬೆಳಿಗ್ಗೆ ತಂಪು ಕೊಡುವುದನ್ನು ನಿಲ್ಲಿಸುತ್ತದೆ. ಒಳಗಿರುವ ಹಾಲು, ದೋಸೆ ಹಿಟ್ಟು, ವಾರಕ್ಕೆಂದು ತಂದಿಟ್ಟ ತರಕಾರಿ ಕೆಡುವ ಮುನ್ನ ಏನಾದರೂ ತೀರ್ಮಾನವಾಗಬೇಕು. ಮೆಕ್ಯಾನಿಕ್ ಬಂದು ನೋಡಿ, ‘ಕಂಪ್ರೆಸರ್ ಹೋಗಿದೆ ಸಾರ್, ಗ್ಯಾಸ್ ಸೇರಿ ಎಂಟು ಸಾವಿರ ಆಗುತ್ತೆ’ ಎನ್ನುತ್ತಾರೆ. ಸಂಜೆ ಅಂಗಡಿಗೆ ಹೋದರೆ, ‘ಹಳೇದಕ್ಕೆ ಯಾಕೆ ಅಷ್ಟು ಹಾಕ್ತೀರಿ, ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತೆ’ ಎಂಬ ಸಲಹೆ ಸಿಗುತ್ತದೆ. ಇನ್ನೊಂದಿಷ್ಟು ಎಂದರೆ ಇಪ್ಪತ್ತೆರಡು ಸಾವಿರ ಎಂಬುದು ಆ ಗಳಿಗೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ಅಂಗಡಿಗೋ ಕಾರ್ಖಾನೆಗೋ ಮೂವತ್ತು ಸಾವಿರ ರೂಪಾಯಿಯ ಯಂತ್ರ ಬೇಕಾದಾಗ ಮೂರು ಕಡೆಯಿಂದ ಕೊಟೇಶನ್ ತರಿಸುವ ವರ್ತಕರು ಕೂಡ ಮನೆಯ ಫ್ರಿಜ್ಜಿನ ವಿಷಯದಲ್ಲಿ ಒಬ್ಬರ ಮಾತಿನ ಮೇಲೆ ಒಂದೇ ಸಂಜೆಯಲ್ಲಿ ನಿರ್ಧರಿಸಿಬಿಡುತ್ತಾರೆ. ಸಾಮಾನ್ಯ ಕುಟುಂಬವೊಂದು ವರ್ಷದಲ್ಲಿ ಕೈಗೊಳ್ಳುವ ಬಂಡವಾಳ ವೆಚ್ಚದ ತೀರ್ಮಾನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಅತ್ಯಂತ ಅವಸರದಲ್ಲಿ ಆಗುವುದು ಇದೇ ಎನ್ನಬಹುದು. ಪಿಂಚಣಿಯ ಮೇಲೆ ಬದುಕುವ ದಂಪತಿಗಳಿಗೆ ಇಂಥ ಒಂದು ತಪ್ಪು ತೀರ್ಮಾನ ಒಂದು ತಿಂಗಳ ಆದಾಯವನ್ನೇ ನುಂಗಬಲ್ಲದು.

ಅವಸರದಲ್ಲಿ ಕೈಗೆ ಸಿಗುವುದು ಸೂತ್ರ. ‘ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆಯಿದ್ದರೆ ದುರಸ್ತಿ ಮಾಡಿಸು, ಹೆಚ್ಚಾದರೆ ಹೊಸದು ತೆಗೆದುಕೋ’ ಎಂಬ ಸೂತ್ರ ಎಷ್ಟೋ ಕಾಲದಿಂದ ಚಲಾವಣೆಯಲ್ಲಿದೆ. ನೆನಪಿಡಲು ಸುಲಭವೆಂಬುದೇ ಅದರ ದೊಡ್ಡ ಗುಣ. ಆದರೆ ದುರಸ್ತಿಯಾದ ಯಂತ್ರ ಇನ್ನೆಷ್ಟು ವರ್ಷ ನಡೆಯುತ್ತದೆ, ಎರಡರ ವಿದ್ಯುತ್ ಖರ್ಚಿನಲ್ಲಿ ಎಷ್ಟು ಅಂತರ, ಹೊಸದಕ್ಕೆ ಹಾಕುವ ಹಣ ಬ್ಯಾಂಕಿನಲ್ಲಿದ್ದರೆ ಏನು ಗಳಿಸುತ್ತಿತ್ತು ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ.

ಇದರ ಜೊತೆಗೆ ಮನಸ್ಸಿನಲ್ಲಿ ಕೂತಿರುವ ಇನ್ನೊಂದು ಲೆಕ್ಕವೂ ದಾರಿ ತಪ್ಪಿಸುತ್ತದೆ. ‘ಹದಿನೆಂಟು ಸಾವಿರಕ್ಕೆ ತಂದದ್ದು, ಅದಕ್ಕೆ ಎಂಟು ಸಾವಿರ ಹಾಕುವುದೇ’ ಎಂದು ಒಬ್ಬರು ಹಿಂಜರಿದರೆ, ‘ಹೋದ ವರ್ಷ ತಾನೇ ಮೂರು ಸಾವಿರ ಖರ್ಚು ಮಾಡಿದ್ದೇವೆ, ಈಗ ಬಿಟ್ಟರೆ ಅದು ದಂಡವಾಗುತ್ತದೆ’ ಎಂದು ಇನ್ನೊಬ್ಬರು ಮುಂದುವರಿಯುತ್ತಾರೆ. ಇಬ್ಬರದೂ ತಪ್ಪೇ. ಹತ್ತು ವರ್ಷದ ಹಿಂದೆ ಕೊಟ್ಟ ಹದಿನೆಂಟು ಸಾವಿರವಾಗಲಿ, ಹೋದ ವರ್ಷದ ಮೂರು ಸಾವಿರವಾಗಲಿ ಇಂದಿನ ಯಾವ ತೀರ್ಮಾನದಿಂದಲೂ ಹಿಂದಕ್ಕೆ ಬರುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಇದನ್ನು ಮುಳುಗಿದ ವೆಚ್ಚ ಎನ್ನುತ್ತಾರೆ. ಮುಳುಗಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನು ಮುಂದೆ ಜೇಬಿನಿಂದ ಹೋಗುವುದು ಎಷ್ಟು ಎಂಬುದಷ್ಟೇ ಪ್ರಶ್ನೆ.

ಒಂದು ವರ್ಷದ ತಂಪಿಗೆ ಎಷ್ಟು?

ಮೇಲಿನ ಫ್ರಿಜ್ಜನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಮಾಡಿ ನೋಡಬಹುದು. ದುರಸ್ತಿಗೆ ರೂ. 8,000, ದುರಸ್ತಿಯ ನಂತರ ನಾಲ್ಕು ವರ್ಷ ನಡೆಯುತ್ತದೆಂದು ಅಂದಾಜು. ಹೊಸ ಫ್ರಿಜ್ಜಿನ ಬೆಲೆ ರೂ. 30,000, ಹಳೆಯದಕ್ಕೆ ಸಿಗುವ ರೂ. 1,500 ಕಳೆದರೆ ನಿವ್ವಳ ರೂ. 28,500, ಅದರ ಬಾಳಿಕೆ ಹನ್ನೆರಡು ವರ್ಷ. ಹಳೆಯದು ವರ್ಷಕ್ಕೆ 400 ಯೂನಿಟ್, ಹೊಸದು 220 ಯೂನಿಟ್ ವಿದ್ಯುತ್ ಬಳಸುತ್ತದೆಂದೂ, ಯೂನಿಟ್ಟಿಗೆ ರೂ. 6 ಎಂದೂ ಹಿಡಿದರೆ ಹಳೆಯದನ್ನು ಉಳಿಸಿಕೊಂಡದ್ದಕ್ಕೆ ವರ್ಷಕ್ಕೆ ರೂ. 1,080 ಹೆಚ್ಚುವರಿ ಬಿಲ್ಲು.

ಸರಳವಾಗಿ ಭಾಗಿಸಿದರೆ ದುರಸ್ತಿಯ ಪಾಲು ವರ್ಷಕ್ಕೆ ರೂ. 2,000, ವಿದ್ಯುತ್ ಸೇರಿ ರೂ. 3,080. ಹೊಸದರ ಪಾಲು ವರ್ಷಕ್ಕೆ ರೂ. 2,375. ಅರ್ಧ ಬೆಲೆಯ ಸೂತ್ರ ದುರಸ್ತಿ ಮಾಡಿಸು ಎನ್ನುತ್ತಿದ್ದರೆ ಈ ಲೆಕ್ಕ ಹೊಸದು ಕೊಳ್ಳು ಎನ್ನುತ್ತದೆ. ಆದರೆ ಇಲ್ಲಿಗೇ ನಿಲ್ಲುವಂತಿಲ್ಲ. ಇಪ್ಪತ್ತೆಂಟೂವರೆ ಸಾವಿರವನ್ನು ಒಂದೇ ಕಂತಿನಲ್ಲಿ ಇಂದೇ ಕೊಡಬೇಕು. ಅದರ ಮೇಲೆ ಠೇವಣಿಯ ಬಡ್ಡಿ ತಪ್ಪುತ್ತದೆ. ಶೇ. 7ರ ಬಡ್ಡಿಯನ್ನು ಲೆಕ್ಕಕ್ಕೆ ಸೇರಿಸಿ ಎರಡೂ ಮೊತ್ತಗಳನ್ನು ಸಮ ವಾರ್ಷಿಕ ಕಂತುಗಳಾಗಿ ಪರಿವರ್ತಿಸಿದರೆ ಹೊಸದರ ವಾರ್ಷಿಕ ವೆಚ್ಚ ಸುಮಾರು ರೂ. 3,590 ಆಗುತ್ತದೆ; ದುರಸ್ತಿಯದು ಸುಮಾರು ರೂ. 2,360, ವಿದ್ಯುತ್ ಸೇರಿ ರೂ. 3,440. ಮತ್ತೆ ದುರಸ್ತಿಯೇ ಮುಂದೆ, ಅದೂ ಕೂದಲೆಳೆಯಷ್ಟು.

ಹೀಗೆ ಒಂದೇ ಫ್ರಿಜ್ಜಿಗೆ ಉತ್ತರ ಮೂರು ಬಾರಿ ಅತ್ತಿತ್ತ ಆದುದನ್ನು ಕಂಡು ಓದುಗರು ಬೇಸರಪಡಬೇಕಿಲ್ಲ. ಎಂಟು ಸಾವಿರಕ್ಕೂ ಮೂವತ್ತು ಸಾವಿರಕ್ಕೂ ಇರುವ ಅನುಪಾತವೇ ಎಲ್ಲವನ್ನೂ ಹೇಳುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎಲ್ಲವೂ ನಿಂತಿರುವುದು ‘ನಾಲ್ಕು ವರ್ಷ ನಡೆಯುತ್ತದೆ’ ಎಂಬ ಆ ಒಂದು ಅಂದಾಜಿನ ಮೇಲೆ. ಅದೇ ದುರಸ್ತಿ ಎರಡೇ ವರ್ಷ ಬಾಳಿದರೆ ವಾರ್ಷಿಕ ವೆಚ್ಚ ರೂ. 5,500 ಮುಟ್ಟುತ್ತದೆ, ಆಗ ಹೊಸದು ಕೊಳ್ಳದಿದ್ದುದು ನಿಸ್ಸಂದೇಹವಾಗಿ ನಷ್ಟ. ಈ ಉದಾಹರಣೆಯಲ್ಲಿ ಎರಡೂ ಸಮನಾಗುವ ಬಿಂದು ಸುಮಾರು ಮೂರೂಮುಕ್ಕಾಲು ವರ್ಷ. ಆದ್ದರಿಂದ ಮೆಕ್ಯಾನಿಕ್ಕನ್ನು ‘ಎಷ್ಟಾಗುತ್ತದೆ’ ಎಂದು ಕೇಳಿ ಸುಮ್ಮನಾಗದೆ, ‘ಎಷ್ಟು ದಿನ ಬರುತ್ತದೆ, ಅದಕ್ಕೆ ಬರವಣಿಗೆಯಲ್ಲಿ ಎಷ್ಟು ದಿನದ ಖಾತರಿ ಕೊಡುತ್ತೀರಿ’ ಎಂದೂ ಕೇಳಬೇಕು.

ಕರ್ನಾಟಕದ ಮನೆಗಳಿಗೆ ಇಲ್ಲಿ ಇನ್ನೊಂದು ತಿರುವು ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ತಮಗೆ ನಿಗದಿಯಾದ ಪ್ರಮಾಣವನ್ನು ಮೀರದೆ ಬಳಸುವ ಮನೆಗಳಿಗೆ ಬಿಲ್ಲು ಶೂನ್ಯ. ಅಂಥ ಮನೆಯಲ್ಲಿ ಹೊಸ ಫ್ರಿಜ್ ಉಳಿಸುವ 180 ಯೂನಿಟ್ಟುಗಳಿಂದ ಕುಟುಂಬಕ್ಕೆ ಒಂದು ರೂಪಾಯಿಯೂ ಉಳಿಯುವುದಿಲ್ಲ; ಉಳಿತಾಯ ಸರ್ಕಾರದ ಬೊಕ್ಕಸದ್ದು. ವಿದ್ಯುತ್ತಿನ ರೂ. 1,080ನ್ನು ತೆಗೆದುಹಾಕಿದರೆ ಸಮಬಿಂದು ಎರಡೂವರೆ ವರ್ಷಕ್ಕೆ ಇಳಿಯುತ್ತದೆ, ಅಂದರೆ ದುರಸ್ತಿಯ ಪರ ವಾಲುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಬೇಸಿಗೆಯ ತಿಂಗಳುಗಳಲ್ಲಿ 195, 205 ಯೂನಿಟ್ ಎಂದು ಗಡಿಯ ಆಚೀಚೆ ಓಲಾಡುವ ಮನೆಗೆ ತಿಂಗಳಿಗೆ 15 ಯೂನಿಟ್ ಉಳಿಸುವ ಯಂತ್ರ ಇಡೀ ಬಿಲ್ಲನ್ನೇ ಉಳಿಸಬಲ್ಲದು, ಏಕೆಂದರೆ 200 ಮೀರಿದರೆ ಪೂರ್ತಿ ಬಳಕೆಗೆ ಹಣ ಕಟ್ಟಬೇಕು. ಒಂದೇ ಬೀದಿಯ ಎರಡು ಮನೆಗಳಿಗೆ, ಒಂದೇ ಮಾದರಿಯ ಫ್ರಿಜ್ಜಿಗೆ, ಎರಡು ಬೇರೆ ಉತ್ತರಗಳು ಸರಿಯಾಗಿರಬಹುದು. ಸ್ಟಾರ್ ಲೇಬಲ್ಲಿನ ಉಳಿತಾಯವನ್ನು ಎಲ್ಲ ಗಿರಾಕಿಗಳಿಗೂ ಒಂದೇ ಉಸಿರಿನಲ್ಲಿ ಹೇಳುವ ಮಾರಾಟಗಾರರು ಮೊದಲು ಗಿರಾಕಿಯ ಕರೆಂಟ್ ಬಿಲ್ಲನ್ನು ನೋಡುವುದು ಒಳ್ಳೆಯದು.

ಉಳಿದಿರುವ ಆಯುಸ್ಸು

ಯಂತ್ರದ ಉಳಿದ ಆಯುಸ್ಸನ್ನು ಅಂದಾಜು ಮಾಡುವುದು ಜ್ಯೋತಿಷ್ಯವೇನೂ ಅಲ್ಲ. ಕೆಟ್ಟಿರುವುದು ಏನು, ಏಕೆ ಕೆಟ್ಟಿತು ಎಂಬೆರಡನ್ನು ತಿಳಿದರೆ ಬಹುಪಾಲು ತಿಳಿದಂತೆ.

ಫ್ರಿಜ್ ತಂಪು ಕೊಡದಿದ್ದ ಮಾತ್ರಕ್ಕೆ ಕಂಪ್ರೆಸರ್ ಹೋಗಿದೆ ಎಂದರ್ಥವಲ್ಲ. ಅದನ್ನು ಚಾಲೂ ಮಾಡುವ ರಿಲೇ, ಅತಿಭಾರದಿಂದ ಕಾಪಾಡುವ ಓವರ್‌ಲೋಡ್, ಕೆಲವು ಮಾದರಿಗಳಲ್ಲಿರುವ ಕೆಪಾಸಿಟರ್ ಇವುಗಳಲ್ಲಿ ಯಾವುದು ಕೆಟ್ಟರೂ ಕಂಪ್ರೆಸರ್ ಓಡುವುದಿಲ್ಲ. ಇವುಗಳ ಬೆಲೆ ಕಂಪ್ರೆಸರಿನ ಒಂದು ಸಣ್ಣ ಅಂಶ ಮಾತ್ರ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಮೇಲಿನ ಫ್ರೀಜರ್ ತಣ್ಣಗಿದ್ದು ಕೆಳಗಿನ ಭಾಗ ಮಾತ್ರ ಬೆಚ್ಚಗಾಗಿದ್ದರೆ, ಹಿಮ ಕರಗಿಸುವ ಹೀಟರ್, ಅದರ ಸೆನ್ಸರ್ ಅಥವಾ ಗಾಳಿ ತಳ್ಳುವ ಫ್ಯಾನ್ ಕೆಟ್ಟು, ಒಳಗಿನ ಕಾಯಿಲಿನ ಮೇಲೆ ಹಿಮ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಇಂಥ ದೋಷ ಸರಿಪಡಿಸಿದ ಯಂತ್ರಕ್ಕೆ ಹಿಂದಿದ್ದ ಆಯುಸ್ಸೇ ಉಳಿದಿರುತ್ತದೆ. ಬಿಡಿಭಾಗ ಸಣ್ಣದು, ಆಯುಸ್ಸು ದೊಡ್ಡದು: ಇಲ್ಲಿ ಹೊಸದರ ಮಾತೇ ಬೇಡ.

‘ಗ್ಯಾಸ್ ಮುಗಿದಿದೆ, ತುಂಬಿಸಬೇಕು’ ಎಂಬುದು ಫ್ರಿಜ್ಜಿಗೂ ಏರ್ ಕಂಡಿಷನರಿಗೂ ಸಮಾನವಾಗಿ ಕೇಳಿಬರುವ ಮಾತು. ಆದರೆ ಅಡುಗೆ ಅನಿಲದಂತೆ ಈ ಅನಿಲ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿಕೆ ಇದೆ. ಸೋರುವ ಜಾಗವನ್ನು ಪತ್ತೆಹಚ್ಚಿ ಬೆಸೆಯದೆ ಬರಿಯ ಅನಿಲ ತುಂಬಿಸುವುದೆಂದರೆ ತೂತಾದ ಕೊಡಕ್ಕೆ ನೀರು ಹಾಕಿದ ಹಾಗೆ. ಮರುವರ್ಷ ಅದೇ ಬಿಲ್ಲು ಮತ್ತೆ ಬರುತ್ತದೆ. ಇನ್ನು, ಹಳೆಯ ಏರ್ ಕಂಡಿಷನರುಗಳಲ್ಲಿರುವ ಆರ್-22 ಅನಿಲಕ್ಕೆ ಭವಿಷ್ಯವಿಲ್ಲ. ಓಜೋನ್ ಪದರಕ್ಕೆ ಹಾನಿ ಮಾಡುವ ಈ ವರ್ಗದ ಅನಿಲಗಳ ಬಳಕೆಯನ್ನು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಭಿವೃದ್ಧಿಶೀಲ ರಾಷ್ಟ್ರಗಳು 2030ರ ವೇಳೆಗೆ ಬಹುಮಟ್ಟಿಗೆ ಕೊನೆಗೊಳಿಸಬೇಕಾಗಿದೆ. ಅಂಥ ಯಂತ್ರದ ಕಾಯಿಲೇ ಸೋರುತ್ತಿದ್ದರೆ ದುರಸ್ತಿಗೆ ದೊಡ್ಡ ಮೊತ್ತ ಸುರಿಯುವುದು ವಿವೇಕವಲ್ಲ.

ಏರ್ ಕಂಡಿಷನರಿನ ವಿದ್ಯುತ್ ಉಳಿತಾಯದ ಬಗ್ಗೆಯೂ ಎಚ್ಚರ ಬೇಕು. ಲೇಬಲ್ಲಿನ ಮೇಲೆ ಮುದ್ರಿತವಾಗಿರುವ ವಾರ್ಷಿಕ ಯೂನಿಟ್ಟುಗಳು ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನು ಆಧರಿಸಿದವು. ಕಲಬುರಗಿ, ರಾಯಚೂರು, ಮಂಗಳೂರುಗಳಲ್ಲಿ ಅಷ್ಟು ಗಂಟೆ ಓಡಿದರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಮನೆಯೊಂದರ ಮಲಗುವ ಕೋಣೆಯಲ್ಲಿ ಎರಡು ತಿಂಗಳು, ರಾತ್ರಿ ಆರು ಗಂಟೆಯಂತೆ ಓಡಿಸಿದರೆ ಆಗುವುದು 360 ಗಂಟೆ. ಲೇಬಲ್ ಭರವಸೆ ಕೊಟ್ಟ ಉಳಿತಾಯದ ಕಾಲು ಭಾಗವೂ ಆ ಮನೆಗೆ ದಕ್ಕುವುದಿಲ್ಲ.

ಗೀಸರಿನ ವಿಷಯದಲ್ಲಿ ಲೆಕ್ಕ ಸುಲಭ. ಕಾಯಿಸುವ ಎಲಿಮೆಂಟ್, ಥರ್ಮೋಸ್ಟಾಟ್ ಹೋದರೆ ಬದಲಿಸಿ ಮುಂದುವರಿಯಬಹುದು. ಒಳಗಿನ ಟ್ಯಾಂಕ್ ತುಕ್ಕು ಹಿಡಿದು ಸೋರತೊಡಗಿದರೆ ಅದರ ಕಾಲ ಮುಗಿಯಿತು. ಆದರೆ ಕೊಳವೆಬಾವಿಯ ಗಡಸು ನೀರು ಬರುವ ಮನೆಯಲ್ಲಿ ಹಳೆಯ ಗೀಸರಿಗೆ ಆದದ್ದೇ ಹೊಸದಕ್ಕೂ ಆಗುತ್ತದೆ. ಟ್ಯಾಂಕನ್ನು ಕಾಪಾಡಲೆಂದೇ ಒಳಗಿಟ್ಟಿರುವ ಮೆಗ್ನೀಸಿಯಂ ರಾಡು ತಾನು ಕರಗಿ ಟ್ಯಾಂಕನ್ನು ಉಳಿಸುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸಬೇಕೆಂಬ ಸಂಗತಿಯೇ ಅನೇಕ ಗ್ರಾಹಕರಿಗೆ ತಿಳಿದಿಲ್ಲ. ಕಡಿಮೆ ವೋಲ್ಟೇಜ್ ಬರುವ ಊರುಗಳಲ್ಲಿ ಸುಟ್ಟುಹೋದ ಕಂಪ್ರೆಸರಿನ ಕಥೆಯೂ ಇದೇ. ಸ್ಟೆಬಿಲೈಸರ್ ಹಾಕದೆ ಹೊಸ ಯಂತ್ರ ತಂದರೆ ಹಳೆಯ ನಷ್ಟಕ್ಕೆ ಹೊಸ ನಷ್ಟ ಸೇರಿಸಿದಂತಾಗುತ್ತದೆ.

ಮಿಕ್ಸಿ, ಗ್ರೈಂಡರುಗಳಿಗೆ ಇಷ್ಟೆಲ್ಲ ಲೆಕ್ಕ ಬೇಡ. ಕಾರ್ಬನ್ ಬ್ರಷ್, ಕಪ್ಲರ್, ಬುಷ್, ಸ್ವಿಚ್ಚು ಇವು ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ, ಅದೇ ದಿನ ಕೆಲಸ ಮುಗಿಯುತ್ತದೆ. ಎಲ್‌ಇಡಿ ಟೀವಿಯಲ್ಲಿ ಹಿಂಬದಿಯ ದೀಪದ ಪಟ್ಟಿ ಹೋದರೆ ದುರಸ್ತಿಯಾಗುತ್ತದೆ. ಪ್ಯಾನೆಲ್ ಒಡೆದರೆ ಅದೊಂದರ ಬೆಲೆಯೇ ಹೊಸ ಟೀವಿಯ ಹತ್ತಿರ ಬರುತ್ತದೆ.

ವಾಷಿಂಗ್ ಮಷೀನಿನದು ಮಾತ್ರ ಬೇರೆಯೇ ಸಮಸ್ಯೆ. ನೀರು ಹೊರಹಾಕುವ ಪಂಪು, ಬೆಲ್ಟು, ಬಾಗಿಲ ಸ್ವಿಚ್ಚು ಇವು ಸುಲಭ. ಆದರೆ ಡ್ರಮ್ಮಿನ ಬೇರಿಂಗ್ ಸವೆದಾಗ, ಹೊರಗಿನ ಟಬ್ಬನ್ನು ಬಿಚ್ಚಲಾಗದಂತೆ ಅಂಟಿಸಿರುವ ಮಾದರಿಗಳಲ್ಲಿ ಬರಿಯ ಬೇರಿಂಗ್ ಬದಲಿಸಲು ಬರುವುದಿಲ್ಲ; ಇಡೀ ಟಬ್ಬನ್ನೇ ಕೊಳ್ಳಬೇಕು. ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟಾಗಲೂ ಹಾಗೆಯೇ. ಬೋರ್ಡಿನ ಮೇಲಿನ ಒಂದು ಸಣ್ಣ ರಿಲೇ ಸುಟ್ಟಿರಬಹುದು, ಸೇವಾ ಕೇಂದ್ರ ಕೊಡುವ ಅಂದಾಜು ಮಾತ್ರ ಇಡೀ ಬೋರ್ಡಿನದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೋರ್ಡನ್ನೇ ಬೆಸುಗೆ ಹಾಕಿ ಸರಿಪಡಿಸುವ ಕುಶಲಕರ್ಮಿಗಳಿದ್ದಾರೆ. ಎಲ್ಲ ಊರುಗಳಿಗೂ ಆ ಅನುಕೂಲವಿಲ್ಲ. ಹೀಗೆ ಯಂತ್ರದ ಆಯುಸ್ಸು ಕೆಲವೊಮ್ಮೆ ಅದರ ವಿನ್ಯಾಸ ಮಾಡಿದವನ ಮೇಜಿನ ಮೇಲೆಯೇ ತೀರ್ಮಾನವಾಗಿರುತ್ತದೆ.

ಕೆಡದಿದ್ದರೂ ಬದಲಿಸಬೇಕಾದ ಒಂದು ವಸ್ತುವೂ ಉಂಟು: ಸೀಲಿಂಗ್ ಫ್ಯಾನು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಮೋಟಾರಿನ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅದೇ ಗಾಳಿ ಕೊಡುತ್ತದೆ. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗುವ ಫ್ಯಾನಿನಿಂದ 162 ಯೂನಿಟ್, ಅಂದರೆ ರೂ. 970ರಷ್ಟು ಉಳಿಯುತ್ತದೆ, ರೂ. 3,000 ಕೊಟ್ಟರೆ ಮೂರು ವರ್ಷದ ಆಸುಪಾಸಿನಲ್ಲಿ ಹಣ ಹಿಂದಿರುಗುತ್ತದೆ. ಅದೇ ಫ್ಯಾನು ನೆಂಟರ ಕೋಣೆಯಲ್ಲಿ ದಿನಕ್ಕೆ ಒಂದು ಗಂಟೆ ತಿರುಗುವುದಾದರೆ ವರ್ಷಕ್ಕೆ ಉಳಿಯುವುದು ರೂ. 81. ಅಲ್ಲಿ ಹಳೆಯದಕ್ಕೆ ಕೆಪಾಸಿಟರ್ ಹಾಕಿಸಿದರೆ ಸಾಕು.

ಅಂಗಡಿಯ ಆಕರ್ಷಣೆಗಳು

ಹೊಸದರ ಬೆಲೆಯನ್ನು ಸಣ್ಣದಾಗಿ ಕಾಣಿಸುವ ಉಪಾಯಗಳು ಹಲವು. ಹಳೆಯದಕ್ಕೆ ಮೂರು ಸಾವಿರ ಕೊಡುತ್ತೇವೆ ಎಂಬ ವಿನಿಮಯ ಕೊಡುಗೆಯನ್ನು ಒಪ್ಪಿದವರಿಗೆ, ನಗದು ಕೊಟ್ಟವರಿಗೆ ಸಿಗುವ ಎರಡು ಸಾವಿರದ ರಿಯಾಯಿತಿ ತಪ್ಪಿದ್ದರೆ, ಹಳೆಯ ಯಂತ್ರದ ನಿಜವಾದ ಬೆಲೆ ಒಂದು ಸಾವಿರ ಮಾತ್ರ. ‘ಬಡ್ಡಿಯಿಲ್ಲದ ಕಂತು’ ಇನ್ನೊಂದು. ಶೂನ್ಯ ಬಡ್ಡಿ ಎಂಬುದೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಹೇಳಿತ್ತು. ಬಡ್ಡಿ ಬೆಲೆಯಲ್ಲಿ ಅಡಗಿರುತ್ತದೆ, ಇಲ್ಲವೇ ಸಂಸ್ಕರಣಾ ಶುಲ್ಕದಲ್ಲಿರುತ್ತದೆ. ವಿಸ್ತರಿತ ವಾರಂಟಿ ಎಂಬುದು ವಾಸ್ತವದಲ್ಲಿ ಒಂದು ವಿಮೆ. ಅದನ್ನು ಕೊಳ್ಳುವ ಮುನ್ನ ಕಂಪ್ರೆಸರಿಗೋ ಮೋಟಾರಿಗೋ ತಯಾರಕರೇ ಹತ್ತು ವರ್ಷ ಖಾತರಿ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ಆ ಖಾತರಿಯಲ್ಲಿ ಅನಿಲ, ಕೂಲಿ, ಸಾಗಾಣಿಕೆ ಸೇರುತ್ತದೆಯೇ ಎಂಬುದನ್ನೂ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ಹತ್ತು ವರ್ಷದ ಕಂಪ್ರೆಸರ್ ಖಾತರಿ ಇದ್ದ ಫ್ರಿಜ್ಜನ್ನೇ ಒಂಬತ್ತನೆಯ ವರ್ಷದಲ್ಲಿ ಗುಜರಿಗೆ ಹಾಕಿ ಬರುವವರೂ ಇದ್ದಾರೆ. ಬಿಲ್ಲು ಕಳೆದುಹೋಗಿರುತ್ತದೆ, ಖಾತರಿ ಮರೆತುಹೋಗಿರುತ್ತದೆ.

ವ್ಯಾಪಾರ ಸಂಸ್ಥೆಗಳಿಗೆ ಈ ವಿಂಗಡಣೆಯಲ್ಲಿ ತೆರಿಗೆಯ ಪ್ರಶ್ನೆಯೂ ಇದೆ. ಲಾಡ್ಜ್, ಹೋಟೆಲುಗಳ ಮಾಲೀಕರು ಇದನ್ನು ಬಲ್ಲರು. ದುರಸ್ತಿಯ ಖರ್ಚು ಆಯಾ ವರ್ಷದ ಲಾಭದಿಂದ ಪೂರ್ತಿ ಕಳೆಯುತ್ತದೆ; ಹೊಸ ಯಂತ್ರದ ಬೆಲೆ ಸವಕಳಿಯ ರೂಪದಲ್ಲಿ ವರ್ಷವರ್ಷವೂ ಅಷ್ಟಷ್ಟೇ ಕಳೆಯುತ್ತದೆ. ದುರಸ್ತಿಯ ಹೆಸರಿನಲ್ಲಿ ಸ್ವತಂತ್ರ ಯಂತ್ರವನ್ನೇ ಬದಲಿಸಿದರೆ ಅದು ‘ಚಾಲ್ತಿ ದುರಸ್ತಿ’ ಆಗದೆಂದು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗೃಹಸ್ಥನಿಗೆ ಈ ಕಳೆತವೂ ಇಲ್ಲ, ಕಟ್ಟಿದ ಜಿಎಸ್‌ಟಿಗೆ ಹೂಡುವಳಿ ತೆರಿಗೆಯ ಜಮೆಯೂ ಇಲ್ಲ. ಪೂರ್ತಿ ಹೊರೆ ಅವನದೇ.

ತೆರಿಗೆಯೇ ವಾಲಿಸಿರುವ ತಕ್ಕಡಿ

ಜಿಎಸ್‌ಟಿಯ ವಿಚಾರ ವಾಣಿಜ್ಯ ಸಂಸ್ಥೆಗಳ ಗಮನಕ್ಕೆ ಅರ್ಹವಾದುದು. ಫ್ರಿಜ್, ವಾಷಿಂಗ್ ಮಷೀನುಗಳ ಮೇಲಿನ ದರ 2018ರ ಜುಲೈನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಏರ್ ಕಂಡಿಷನರ್, ಪಾತ್ರೆ ತೊಳೆಯುವ ಯಂತ್ರ, ದೊಡ್ಡ ಟೀವಿಗಳ ದರವೂ ಶೇ. 18ಕ್ಕೆ ಬಂದಿತು. ಹೊಸ ಯಂತ್ರಗಳ ವ್ಯಾಪಾರಕ್ಕೆ ಇದು ಸ್ವಾಗತಾರ್ಹ ಕ್ರಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದುರಸ್ತಿ ಸೇವೆಯ ದರ ಮಾತ್ರ ಶೇ. 18ರಲ್ಲಿಯೇ ನಿಂತಿದೆ. ಹೊಸದರ ಬೆಲೆ ಇಳಿದು ದುರಸ್ತಿಯ ಬೆಲೆ ಇದ್ದಲ್ಲೇ ಇದ್ದರೆ ತಕ್ಕಡಿ ತಾನಾಗಿ ಒಂದು ಕಡೆಗೆ ವಾಲುತ್ತದೆ. ನೋಂದಣಿಯ ಮಿತಿಯೊಳಗಿರುವ ಬೀದಿ ಬದಿಯ ಮೆಕ್ಯಾನಿಕ್ಕಿಗೆ ಈ ತೆರಿಗೆ ತಟ್ಟದು. ಕ್ರಮವಾಗಿ ಬಿಲ್ಲು ಕೊಟ್ಟು, ಖಾತರಿ ಕೊಟ್ಟು, ನಾಲ್ಕು ಜನರನ್ನು ಸಂಬಳಕ್ಕಿಟ್ಟುಕೊಂಡ ಸೇವಾ ಸಂಸ್ಥೆಗೇ ತಟ್ಟುತ್ತದೆ. ವಿಚಿತ್ರವೆಂದರೆ ವಿಮಾನಗಳ ದುರಸ್ತಿ ಮತ್ತು ನಿರ್ವಹಣಾ ಸೇವೆಯ ಮೇಲಿನ ದರವನ್ನು 2020ರಲ್ಲಿ ಶೇ. 18ರಿಂದ 5ಕ್ಕೆ ಇಳಿಸಲಾಯಿತು. ವಿಮಾನಕ್ಕೆ ಸಲ್ಲುವ ನ್ಯಾಯ ವಾಷಿಂಗ್ ಮಷೀನಿಗೆ ಏಕೆ ಸಲ್ಲಬಾರದು ಎಂದು ಮುಂಗಡಪತ್ರ ಪೂರ್ವದ ಮನವಿಯಲ್ಲಿ ಕೇಳುವುದು ಅನುಚಿತವಾಗದು.

ಆಸ್ಟ್ರಿಯಾ ದೇಶ 2022ರಲ್ಲಿ ವಿದ್ಯುತ್ ಉಪಕರಣಗಳ ದುರಸ್ತಿ ವೆಚ್ಚದ ಅರ್ಧವನ್ನು, 200 ಯೂರೋಗಳ ಮಿತಿಯಲ್ಲಿ, ಸರ್ಕಾರವೇ ಭರಿಸುವ ಯೋಜನೆ ತಂದಿತು. ಅಷ್ಟು ಉದಾರತೆಯನ್ನು ಇಲ್ಲಿ ಯಾರೂ ನಿರೀಕ್ಷಿಸುತ್ತಿಲ್ಲ. ಹಳೆಯ ಯಂತ್ರಗಳ ವಿಲೇವಾರಿಯ ಭಾರವನ್ನು ಮಾತ್ರ ಭಾರತವೂ ತಯಾರಕರ ಮೇಲೆ ಹೊರಿಸಿದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅವರು ನಿಗದಿತ ಪ್ರಮಾಣದಲ್ಲಿ ತ್ಯಾಜ್ಯ ಮರುಬಳಕೆಯ ಹೊಣೆ ಹೊರಬೇಕು. ಯಂತ್ರ ಗುಜರಿಯಾದ ಮೇಲಿನ ಹೊಣೆ ಇದೆ, ಗುಜರಿಯಾಗದಂತೆ ಕಾಯುವ ಹೊಣೆ ಇಲ್ಲ ಎಂಬುದು ಈ ವ್ಯವಸ್ಥೆಯ ಕೊರತೆ.

ಆ ಹೊಣೆ ಎಂದರೆ ಬಿಡಿಭಾಗ. ಮೇಲೆ ಹಾಕಿದ ಲೆಕ್ಕವೆಲ್ಲ ಬಿಡಿಭಾಗ ಸಿಕ್ಕರೆ ಮಾತ್ರ. ಬ್ರ್ಯಾಂಡ್ ಮಾರುಕಟ್ಟೆಯಿಂದ ನಿರ್ಗಮಿಸಿದರೆ, ಇಲ್ಲವೇ ಮಾದರಿ ನಿಂತು ನಾಲ್ಕು ವರ್ಷದಲ್ಲಿ ಬೋರ್ಡಿನ ಸರಬರಾಜು ನಿಂತರೆ, ರೂ. 600ರ ದೋಷಕ್ಕೆ ರೂ. 30,000ದ ಪರಿಹಾರ ಹುಡುಕಬೇಕಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಫ್ರಿಜ್ಜಿನ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ ಏಳು ವರ್ಷ, ವಾಷಿಂಗ್ ಮಷೀನಿನದನ್ನು ಹತ್ತು ವರ್ಷ ಒದಗಿಸುವುದು ತಯಾರಕರಿಗೆ ಕಡ್ಡಾಯ. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಒಂದು ಪೋರ್ಟಲ್ ತೆರೆಯಿತು. ಗೃಹೋಪಯೋಗಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಸೇವಾ ಕೇಂದ್ರ, ಖಾತರಿ, ಬಿಡಿಭಾಗಗಳ ಮಾಹಿತಿಯನ್ನು ಒಂದೆಡೆ ಸಿಗುವಂತೆ ಮಾಡುವುದು ಅದರ ಉದ್ದೇಶ. ಮಾಹಿತಿ ಬೇಕಾದದ್ದೇ; ಆದರೆ ಮಾಹಿತಿಯಿಂದ ಬೇರಿಂಗ್ ಬರುವುದಿಲ್ಲ.

ಕಾನೂನು ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಉಪಕರಣಗಳ ವ್ಯಾಪಾರಿಗಳು ತಮ್ಮ ಮಟ್ಟದಲ್ಲಿಯೇ ಮಾಡಬಹುದಾದದ್ದು ಬಹಳಷ್ಟಿದೆ, ಮತ್ತು ಅದು ದಾನಧರ್ಮವಲ್ಲ. ಜಾಲತಾಣದ ಮಾರಾಟಗಾರರೊಡನೆ ಬೆಲೆಯಲ್ಲಿ ಸೆಣಸಿ ಸಣ್ಣ ಊರಿನ ಅಂಗಡಿ ಗೆಲ್ಲುವುದು ಕಷ್ಟ. ಆದರೆ ತಾನು ಮಾರಿದ ಐದಾರು ಮಾದರಿಗಳ ಪಂಪು, ಥರ್ಮೋಸ್ಟಾಟ್, ಬಾಗಿಲ ರಬ್ಬರ್, ರಿಲೇಗಳನ್ನು ಒಂದು ಕಪಾಟಿನಲ್ಲಿಟ್ಟುಕೊಂಡ ಅಂಗಡಿಗೆ ಗಿರಾಕಿ ವರ್ಷಕ್ಕೆರಡು ಬಾರಿಯಾದರೂ ಬರುತ್ತಾನೆ. ಹೊಸದು ಬೇಕಾದ ದಿನ ಬೇರೆಲ್ಲಿಗೂ ಹೋಗುವುದಿಲ್ಲ. ಬಿಡಿಭಾಗಗಳಲ್ಲಿ ಬಂಡವಾಳ ಸಿಕ್ಕಿಕೊಳ್ಳುತ್ತದೆಂಬ ಆಕ್ಷೇಪ ನಿಜವೇ. ಒಂದು ಊರಿನ ನಾಲ್ಕಾರು ವರ್ತಕರು ಸೇರಿ ಒಂದೇ ದಾಸ್ತಾನು ಇಟ್ಟುಕೊಂಡರೆ ಆ ಹೊರೆ ಹಂಚಿಹೋಗುತ್ತದೆ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಮುಂದೆ ನಿಂತು ಇದನ್ನು ಮಾಡಿಸಬಹುದು.

ದುರಸ್ತಿಗೆ ಬಂದ ಪ್ರತಿ ಯಂತ್ರಕ್ಕೂ ಜಾಬ್ ಕಾರ್ಡ್ ಬರೆಯುವುದು ಇನ್ನೊಂದು. ಕೆಟ್ಟದ್ದು ಏನು, ಏಕೆ ಕೆಟ್ಟಿತು, ಬದಲಿಸಿದ್ದು ಯಾವುದು, ಅದಕ್ಕೆ ಎಷ್ಟು ತಿಂಗಳ ಖಾತರಿ ಎಂಬ ನಾಲ್ಕು ಸಾಲುಗಳಿದ್ದರೆ ಸಾಕು. ಸೇವೆಗೆ ರಸೀದಿ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲೇ ಸೇರಿಸಿದೆ. ಆದರೂ ಮನೆಗೆ ಬಂದು ದುರಸ್ತಿ ಮಾಡುವವರಲ್ಲಿ ಚೀಟಿ ಕೊಡುವವರು ವಿರಳ. ಬದಲಿಸಿದ ಹಳೆಯ ಬಿಡಿಭಾಗವನ್ನು ಗಿರಾಕಿಯ ಕೈಗೆ ಕೊಟ್ಟು ಹೋಗುವ ಪದ್ಧತಿಯೂ ಬರಬೇಕು. ಸ್ಕೂಟರ್ ಗ್ಯಾರೇಜುಗಳಲ್ಲಿ ಹಳೆಯ ಕ್ಲಚ್ ಪ್ಲೇಟನ್ನು ತೋರಿಸಿ ಬಿಲ್ಲು ಕೊಡುವ ರೂಢಿ ಹಿಂದಿನಿಂದಲೂ ಇದೆ. ಸುಟ್ಟ ರಿಲೇಯನ್ನು ಒಂದು ಕಾಗದದಲ್ಲಿ ಸುತ್ತಿ ಕೊಡುವುದಕ್ಕೆ ಅದಕ್ಕಿಂತ ಹೆಚ್ಚಿನ ಶ್ರಮವೇನೂ ಬೇಡ.